ಹತ್ತು ನಿಮಿಷಕ್ಕೆ ಕೊಸರಿಲ್ಲ

ಜಪಾನಿಗೆ ಹೋಗಿ ಬಂದವರೆಲ್ಲ ಬುಲೆಟ್ ರೈಲಿನ ವಿಷಯ ಹೇಳುತ್ತಾರೆ. ನಾನೂ ಅದರಲ್ಲಿ ಎರಡು ಸಲ ಕೂತೆ, ಎರಡು ಸಲವೂ ನಿದ್ದೆ ಹೋದೆ. ಹಾಗಾಗಿ ಅದರ ಬಗ್ಗೆ ಹೇಳಲು ನನ್ನಲ್ಲಿ ಏನೂ ಇಲ್ಲ. ನನಗೆ ನೆನಪಿರುವ ಜಪಾನ್ ಎಂದರೆ ಒಂದು ಬಿಸಿನೀರಿನ ತೊಟ್ಟಿ, ಒಂದು ಕೋಳಿಮೊಟ್ಟೆ, ಮತ್ತು ನಾನು ಕೈಯಾರೆ ಹಾಳುಮಾಡಿದ ಒಂದು ಚೀಲ ಬಿತ್ತನೆ ಭತ್ತ.

ಮಾಕಳಿ

ಪೀಣ್ಯ ಎರಡನೇ ಹಂತದ ಒಂದು ಸಣ್ಣ ಕಾರ್ಖಾನೆಯಲ್ಲಿ ನನಗೆ ಕೆಲಸ. ಬಾಯ್ಲರಿಗೆ, ಬೇಕರಿ ಒಲೆಗೆ ಹಾಕುವ ತಾಪಮಾಪಕಗಳನ್ನು ನಾವು ಮಾಡುತ್ತೇವೆ. ಅವು ಸರಿಯಾಗಿ ತೋರಿಸುತ್ತವೆಯೋ ಇಲ್ಲವೋ ಎಂದು ನೋಡಿ ಸಹಿ ಹಾಕುವವಳು ನಾನು. ಅರ್ಧ ಡಿಗ್ರಿ ಹೆಚ್ಚುಕಮ್ಮಿಯಾದರೂ ವಾಪಸು ಕಳಿಸುತ್ತೇನೆಂದು ಜೋಡಣೆ ವಿಭಾಗದವರಿಗೆಲ್ಲ ನನ್ನ ಮೇಲೆ ಸಿಟ್ಟು. ಗಂಡನ ಮನೆ ದಾಸರಹಳ್ಳಿ, ತವರು ಮಾಕಳಿ. ಮೆಟ್ರೋ ಕಂಬಗಳು ಎದ್ದು, ರೈಲು ಮಾತ್ರ ಇನ್ನೂ ಬಾರದಿದ್ದ ವರ್ಷಗಳವು. ತುಮಕೂರು ರಸ್ತೆಯ ಆ ಸ್ವಲ್ಪ ದೂರ ದಾಟಿ ತವರು ಸೇರುವಷ್ಟರಲ್ಲಿ ಹಬ್ಬವೇ ಮುಗಿದಿರುತ್ತಿತ್ತು.

ಮಾಕಳಿಯಲ್ಲಿ ಕೆರೆ ಕೆಳಗೆ ನಮ್ಮ ಅಣ್ಣ ರಂಗಸ್ವಾಮಿಗೆ ಅರ್ಧ ಎಕರೆ ಗದ್ದೆ ಉಳಿದಿದೆ. ಒಂದು ಕಡೆ ಗೋದಾಮಿನ ಗೋಡೆ, ಇನ್ನೊಂದು ಕಡೆ ಪೈಪು ಮಾಡುವ ಕಾರ್ಖಾನೆ, ನಡುವೆ ಹಸಿರು. ಅಣ್ಣ ಆ ಗೋದಾಮಿನಲ್ಲೇ ಕೆಲಸ ಮಾಡುತ್ತಾನೆ. ಗದ್ದೆ ಮಾಡುವವರು ನಮ್ಮ ಅತ್ತಿಗೆ ಪುಟ್ಟಮ್ಮ.

ನಾನು ಜಪಾನಿಗೆ ಹೋಗುವುದಕ್ಕೆ ಮೂರು ವರ್ಷ ಮುಂಚೆ ಅತ್ತಿಗೆಯ ಒಟ್ಲಿನಲ್ಲಿ, ಅಂದರೆ ನಾಟಿಗೆ ಮುಂಚೆ ಸಸಿ ಬೆಳೆಸುವ ಮಡಿಯಲ್ಲಿ, ಕೆಲವು ಪೈರು ಉಳಿದವಕ್ಕಿಂತ ಗೇಣುದ್ದ ಮೇಲೆ ಬಂದವು. ಅತ್ತಿಗೆಗೆ ಹಿಗ್ಗೋ ಹಿಗ್ಗು. ಅಕ್ಕಪಕ್ಕದವರ ಕಣ್ಣು ಬೀಳಬಾರದೆಂದು ಸುಣ್ಣದ ಬೊಟ್ಟಿಟ್ಟ ಮಡಕೆಯನ್ನು ಕೋಲಿಗೆ ಸಿಕ್ಕಿಸಿ ಒಟ್ಲ ನಡುವೆ ನಿಲ್ಲಿಸಿದರು. ನಾಟಿಯ ದಿನ ಆ ಎತ್ತರದ ಪೈರುಗಳನ್ನೇ ಹೆಕ್ಕಿ, ಅರಿಸಿನ ಕುಂಕುಮ ಇಟ್ಟು, ಈಶಾನ್ಯ ಮೂಲೆಯಲ್ಲಿ ಮೊದಲು ನೆಟ್ಟರು. ಹದಿನೈದು ದಿನಕ್ಕೆ ಆ ಮೂಲೆಯೆಲ್ಲ ಒಣಗಿ ನಿಂತಿತು. ಅದು ಬೀಜದಲ್ಲೇ ಕೂತು ಬರುವ ಬೂಷ್ಟು ರೋಗ, ಪೈರನ್ನು ಸುಳ್ಳೇ ಎತ್ತರಕ್ಕೆ ಎಳೆದು ಕೊಲ್ಲುತ್ತದೆ ಎಂದು ಔಷಧಿ ಅಂಗಡಿಯವನು ಹೇಳಿದ. ನಾವು ದೃಷ್ಟಿ ತೆಗೆದು ಸಾಕಿದ್ದು ರೋಗವನ್ನೇ.

ಅಂಗಡಿಯವನು ಒಂದು ಪುಡಿ ಕೊಟ್ಟ. ನೀರಿಗೆ ಬೆರೆಸಿ ಬೀಜ ನೆನೆಹಾಕಬೇಕಿತ್ತು. ಅತ್ತಿಗೆ ಪೊಟ್ಟಣವನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದ ಪ್ರಶ್ನೆ ಒಂದೇ. "ಅಲ್ಲ, ಬೀಜ ತಗುದ್ಮೇಲೆ ಆ ನೀರ್ನ ಎಲ್ಲಿ ಚೆಲ್ಲಾದು? ನಮ್ಮನೆ ಅಸ ಕುಡಿಯಾದು ಅದೇ ಕಾಲ್ವೆ ನೀರು." ಪೊಟ್ಟಣ ಅಟ್ಟ ಸೇರಿತು, ರೋಗ ಮರುವರ್ಷವೂ ಬಂತು, ಅದರ ಮರುವರ್ಷವೂ. ಅತ್ತಿಗೆ ಊರವರ ಒಟ್ಲುಗಳ ಮುಂದೆ ನಿಂತು, ಉಳಿದ ಪೈರು ಇದ್ದರೆ ಕೊಡಿ ಎಂದು ಕೇಳಿ ತಂದು ಹೇಗೋ ಗದ್ದೆ ತುಂಬಿಸಿದರು. ಕೇಳಿ ತರುವುದು ಅವರ ಜಾಯಮಾನವಲ್ಲ. ಆ ದಿನಗಳಲ್ಲಿ ಅವರು ಊಟವನ್ನೂ ಸರಿಯಾಗಿ ಮಾಡುತ್ತಿರಲಿಲ್ಲ.

ನಮ್ಮ ಕಾರ್ಖಾನೆ ನನ್ನನ್ನು ಮೂರು ವಾರದ ತರಬೇತಿಗೆ ಜಪಾನಿಗೆ ಕಳಿಸುತ್ತದೆ ಎಂದು ಹೇಳಲು ಹೋದ ದಿನ ಅಣ್ಣ ಮುಖ ಕೊಡದೆ ಹೇಳಿದ: "ಈ ಸಲನೂ ಒಟ್ಲು ಓದ್ರೆ ಮಣ್ಣು ಒಡ್ಸಿ ಲಾರಿ ನಿಲ್ಸಾಕೆ ಕೊಟ್ಬುಡ್ತೀನಿ ಕಣಮ್ಮ. ಮಾತಾಡಿದ್ದೀನಿ."

ಹೊರಡುವಾಗ ಅತ್ತಿಗೆ ಬಟ್ಟೆಯ ಗಂಟೊಂದನ್ನು ನನ್ನ ಕೈಗಿಟ್ಟರು. ಒಳಗೆ ಒಂದು ಹಿಡಿ ಬಿತ್ತನೆ ಭತ್ತ. "ಅಲ್ಲೂ ಅನ್ನ ತಿನ್ನೋ ಜನ ಅಂತೀಯ. ಯಾರಿಗಾದ್ರೂ ತೋರ್ಸಮ್ಮ" ಎಂದರು.

ನರಿತಾ ವಿಮಾನ ನಿಲ್ದಾಣ

ಹೊರದೇಶದ ಬೀಜವನ್ನು ಹಾಗೆಲ್ಲ ಒಳಗೆ ತರುವಂತಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಬಿಳಿ ಕೈಗವಸು ಹಾಕಿಕೊಂಡಿದ್ದ ಅಧಿಕಾರಿ ನನ್ನ ಚಟ್ನಿಪುಡಿ ಡಬ್ಬಿಯನ್ನು ಮೂಸಿ, ಗೌರವದಿಂದ ಪಕ್ಕಕ್ಕಿಟ್ಟು, ಗಂಟು ಬಿಚ್ಚಿದ. ಇದೇನು ಎಂದು ಕೇಳಿದ. ನಾನು ಅವನಿಗೆ ಅರ್ಥವಾಗಲಿ ಎಂದು ಒಳ್ಳೆಯ ಮನಸ್ಸಿನಿಂದ, ಒಂದೊಂದೇ ಪದ ಬಿಡಿಸಿ ಇಂಗ್ಲಿಷಿನಲ್ಲಿ ಹೇಳಿದೆ: "ಭತ್ತ. ಇದಕ್ಕೆ ರೋಗ ಇದೆ. ಅದಕ್ಕೇ ತಂದಿದ್ದೇನೆ."

ಆಮೇಲೆ ನಾಲ್ಕು ಜನ ಬಂದರು. ಗಂಟು ಒಂದು ಪ್ಲಾಸ್ಟಿಕ್ ಚೀಲದೊಳಗೆ, ಆ ಚೀಲ ಇನ್ನೊಂದರೊಳಗೆ ಹೋಯಿತು. ನಾನು ಎಷ್ಟೋ ಕಾಗದಕ್ಕೆ ಸಹಿ ಹಾಕಿದೆ. ಪ್ರತಿ ಸಹಿಗೂ ಅವರು ತಲೆಬಾಗಿಸಿದರು, ನಾನೂ ಬಾಗಿಸಿದೆ. ಇಷ್ಟು ಮರ್ಯಾದೆಯಾಗಿ ನನ್ನನ್ನು ಯಾರೂ ಬೈದಿರಲಿಲ್ಲ. ಅತ್ತಿಗೆಯ ಸೀರೆ ಅಂಚಿನ ಆ ಬಟ್ಟೆ ತುಂಡನ್ನಾದರೂ ಕೊಡಿ ಎಂದು ಕೇಳಿದೆ. ಅದೂ ಆಗುವುದಿಲ್ಲ ಎಂದು ಮತ್ತೊಮ್ಮೆ ತಲೆಬಾಗಿಸಿದರು.

ರೈಲು ತಪ್ಪಿತು. ನೀಗಾಟ ಊರಿನ ನಿಲ್ದಾಣ ತಲುಪಿದಾಗ ಮೂರು ಗಂಟೆ ತಡ. ತರಬೇತಿ ಕೊಡುವ ಕಾರ್ಖಾನೆಯ ಯೋಕೊ ಎಂಬಾಕೆ ನನ್ನ ಹೆಸರು ಬರೆದ ಹಲಗೆಯನ್ನು ಎದೆಗೆ ಹಿಡಿದು ಮೂರು ಗಂಟೆಯೂ ನಿಂತಲ್ಲೇ ನಿಂತಿದ್ದಳು. ನಮ್ಮ ಮೆಜೆಸ್ಟಿಕ್ಕಿನಲ್ಲಾಗಿದ್ದರೆ ಅಷ್ಟರಲ್ಲಿ ಹಲಗೆಯ ಮೇಲೆ ಕೂತು ಯಾರಾದರೂ ಕಡ್ಲೆಕಾಯಿ ತಿಂದು ಮುಗಿಸಿರುತ್ತಿದ್ದರು. ತಡವಾದ ಕಾರಣ ಹೇಳಿದೆ. ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಕುಂಟು, ಆದರೆ ಒಂದೇ ಕಾಲು ಕುಂಟು, ಹಾಗಾಗಿ ಹೆಜ್ಜೆ ಹೊಂದುತ್ತಿತ್ತು. ಪೈರು ಸುಳ್ಳೇ ಎತ್ತರ ಬೆಳೆಯುತ್ತದೆ ಎಂದದ್ದೇ ತಡ, ಅವಳು ನಿಂತುಬಿಟ್ಟಳು.

"ನಮ್ಮ ಕಡೆ ಅದಕ್ಕೆ ಪೆದ್ದು ಸಸಿ ಅಂತಾರೆ" ಎಂದಳು. "ನಮ್ಮಪ್ಪ ಭತ್ತ ಬೆಳೀತಾರೆ. ಭಾನುವಾರ ಬೀಜಕ್ಕೆ ಸ್ನಾನ ಮಾಡಿಸ್ತಾರೆ. ಬರ್ತೀರಾ?"

ಮೊದಲ ಭಾನುವಾರ, ಸಾತೊ ಅವರ ಕೊಟ್ಟಿಗೆ

ಏಪ್ರಿಲ್ ಹತ್ತಿರ ಬಂದಿದ್ದರೂ ರಸ್ತೆ ಬದಿಯಲ್ಲಿ ಮಂಜು ಇನ್ನೂ ಕೊಳಕು ಹತ್ತಿಯ ರಾಶಿಯಂತೆ ಬಿದ್ದಿತ್ತು. ಯೋಕೊಳ ತಂದೆ ಸಾತೊ ಎಪ್ಪತ್ತು ದಾಟಿದವರು, ಕುಳ್ಳಗೆ, ಮೊಣಕಾಲಿನವರೆಗೆ ರಬ್ಬರ್ ಬೂಟು. ನನ್ನನ್ನು ನೋಡಿದವರೇ ಒಂದು ಮಾತೂ ಆಡದೆ ಒಂದು ಜೊತೆ ಬೂಟು ತಂದು ಮುಂದಿಟ್ಟರು. ಬೂಟಿನ ಅಳತೆ ಸರಿಯಿತ್ತು. ಸೀರೆಯ ಅಳತೆ ಬೂಟಿಗೆ ಹೊಂದಲಿಲ್ಲ.

ಮೊದಲು ಅವರು ಬಕೆಟ್ಟಿನ ನೀರಿಗೆ ಉಪ್ಪು ಸುರಿದು ಕಲಕಿ, ಒಂದು ಕೋಳಿಮೊಟ್ಟೆ ಬಿಟ್ಟರು. ಮೊಟ್ಟೆ ಮುಳುಗಿತು. ಇನ್ನಷ್ಟು ಉಪ್ಪು. ಮೊಟ್ಟೆ ಮೆಲ್ಲಗೆ ಎದ್ದು ನೆತ್ತಿ ತೋರಿಸಿತು. ನನಗೆ ಕಣ್ಣು ತುಂಬಿತು. ನಮ್ಮಪ್ಪ ಮಾಡುತ್ತಿದ್ದುದು ಇದನ್ನೇ: ಮೊಟ್ಟೆ ತೇಲುವಷ್ಟು ಉಪ್ಪು ಹಾಕಿ ಭತ್ತ ಸುರಿದರೆ ಜೊಳ್ಳು ಮೇಲೆ, ಗಟ್ಟಿ ಕೆಳಗೆ. "ನಾವೂ ಇದನ್ನೇ ಮಾಡ್ತೀವಿ" ಎಂದು ಯೋಕೊಳ ಕೈಯಲ್ಲಿ ಹೇಳಿಸಿದೆ. ಸಾತೊ ಕೇಳಿದ್ದು: "ಆಮೇಲೆ ಆ ಮೊಟ್ಟೆ ಏನು ಮಾಡ್ತೀರಿ?" ಸಾರಿಗೆ ಹಾಕುತ್ತೇವೆ ಎಂದೆ. ಮುದುಕರು ಮೊದಲ ಸಲ ನಕ್ಕರು. ಅವರೂ ಹಾಗೇ.

ನಂತರದ್ದು ನಮ್ಮಪ್ಪನಿಗೆ ಗೊತ್ತಿಲ್ಲದ ವಿದ್ಯೆ. ಗಟ್ಟಿ ಭತ್ತವನ್ನು ಒಳ್ಳೆಯ ನೀರಿನಲ್ಲಿ ತೊಳೆದು, ನೆನೆಯಲು ಬಿಡದೆ ತಕ್ಷಣ ಬಲೆಚೀಲಕ್ಕೆ ತುಂಬಿ, ಅರವತ್ತು ಡಿಗ್ರಿ ನೀರಿನ ತೊಟ್ಟಿಯಲ್ಲಿ ಸರಿಯಾಗಿ ಹತ್ತು ನಿಮಿಷ ಮುಳುಗಿಸಿದರು. ಗಡಿಯಾರದ ಗಂಟೆ ಬಾರಿಸಿದ ಕ್ಷಣ ಎತ್ತಿ ಪಕ್ಕದ ತಣ್ಣೀರಿಗೆ ಹಾಕಿದರು. ಅಷ್ಟೇ. ಬೀಜ ಬದುಕುತ್ತದೆ, ಅದರ ಸಿಪ್ಪೆಯಲ್ಲಿ ಕೂತ ಬೂಷ್ಟು ಸಾಯುತ್ತದೆ. ಪುಡಿಯಿಲ್ಲ, ದ್ರಾವಣವಿಲ್ಲ.

ಮೊದಲು ಇವರೂ ಔಷಧಿಯಲ್ಲೇ ನೆನೆಹಾಕುತ್ತಿದ್ದರಂತೆ. ಯಾಕೆ ಬಿಟ್ಟಿರಿ ಎಂದು ಕೇಳಿದೆ. ಸಾತೊ ಕೊಟ್ಟಿಗೆಯ ಹಿಂದೆ ಹರಿಯುವ ಕಾಲುವೆಯನ್ನು ತೋರಿಸಿದರು. ಯೋಕೊ ಅನುವಾದಿಸಿದಳು: "ಉಳಿದ ನೀರು ಎಲ್ಲಿ ಚೆಲ್ಲೋದು ಅಂತ ನಮ್ಮಮ್ಮ ಪ್ರತಿ ವರ್ಷ ಅಪ್ಪನ ಹತ್ರ ಜಗಳ ಆಡ್ತಿದ್ರು. ಅಲ್ಲಿ ಚಿಕ್ಕ ಮೀನಿವೆ."

ಅತ್ತಿಗೆಯ ಪ್ರಶ್ನೆಗೆ ಉತ್ತರ ಸಿಕ್ಕಿತ್ತು, ಅದೂ ಅದೇ ಪ್ರಶ್ನೆ ಕೇಳಿದ್ದ ಇನ್ನೊಬ್ಬ ಗೃಹಿಣಿಯ ಮನೆಯಲ್ಲಿ. ನನಗೆ ಆಗಲೇ ಮಾಕಳಿಗೆ ಓಡಿಹೋಗಬೇಕು ಅನ್ನಿಸಿತು.

ಸಂಜೆ ಕೆಸರಾಗಿದ್ದೇನೆಂದು ನನಗೂ ಸ್ನಾನಕ್ಕೆ ಬಿಸಿನೀರು ತುಂಬಿಸಿಕೊಟ್ಟರು. ದೊಡ್ಡ ತೊಟ್ಟಿ, ಮೇಲೆ ಮುಚ್ಚಳ. ಅಚ್ಚುಕಟ್ಟಾಗಿ ಮಿಂದು, ಬಂದ ಮನೆಯಲ್ಲಿ ನನ್ನ ಕೊಳೆ ಉಳಿಯಬಾರದೆಂದು ಬಿರಡೆ ಎಳೆದು ನೀರನ್ನೆಲ್ಲ ಬಿಟ್ಟು, ತೊಟ್ಟಿ ಉಜ್ಜಿ ಬಂದೆ. ಮನೆಮಂದಿಯೆಲ್ಲ ಸರದಿಯಂತೆ ಇಳಿಯುವುದು ಆ ಒಂದೇ ನೀರಿಗೆ ಎಂದು ಆಮೇಲೆ ತಿಳಿಯಿತು. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಕಾಯುತ್ತಿದ್ದ ಸಾತೊ ಖಾಲಿ ತೊಟ್ಟಿಯನ್ನು ನೋಡಿ, ತುಂಬ ಚೆನ್ನಾಗಿ ತೊಳೆದಿದ್ದೀರಿ ಎಂದರು.

ಎರಡನೇ ಭಾನುವಾರ

ಸಂಕ್ರಾಂತಿಗೆ ನಮಗೆ ಎಳ್ಳುಬೆಲ್ಲವಿದ್ದಂತೆ ಇವರಿಗೆ ಹೊಸ ವರ್ಷಕ್ಕೆ ಅಂಟಕ್ಕಿಯ, ಅಂದರೆ ಬೆಂದರೆ ಗೋಂದಿನಂತೆ ಅಂಟುವ ಅಕ್ಕಿಯ, ಕಡುಬು. ಅದರ ಬೀಜ ಬೇರೆ, ಒಂದೇ ಚೀಲ. ಅದನ್ನು ಬಿಸಿನೀರಿಗೆ ಇಳಿಸಿದ್ದಷ್ಟೇ, ಬಾಗಿಲಿಗೆ ಯಾರೋ ಬಂದರು. ಯೋಕೊ ಅಂದು ತಡವಾಗಿ ಬರುವವಳಿದ್ದಳು. ಸಾತೊ ಗಂಟೆ ಬಾರಿಸುವ ಗಡಿಯಾರವನ್ನು ನನ್ನ ಕೈಗಿತ್ತು, ಎತ್ತಿ ತಣ್ಣೀರಿಗೆ ಹಾಕಬೇಕೆಂದು ಸನ್ನೆ ಮಾಡಿ ಹೋದರು.

ಗಂಟೆ ಬಾರಿಸಿತು. ನಾನು ಎತ್ತಲಿಲ್ಲ.

ಇದನ್ನು ಹೇಗೆ ವಿವರಿಸಲಿ? ಮೇಜಿನ ಮುಂದೆ ಕೂತಾಗ ಅರ್ಧ ಡಿಗ್ರಿಗೆ ಜಗಳ ಆಡುವವಳು ನಾನು. ಆದರೆ ಬಕೆಟ್ಟು, ಹಬೆ, ಭತ್ತದ ವಾಸನೆ ಸೇರಿದ ಕೂಡಲೇ ಪೀಣ್ಯ ಮರೆತು ಮಾಕಳಿಯ ಹೆಂಗಸಾದೆ. ನಮ್ಮಲ್ಲಿ ಸೇರು ಅಳೆದರೆ ಮೇಲೊಂದು ಹಿಡಿ ಹಾಕಬೇಕು. ಸೊಪ್ಪಿನವಳು ಕಟ್ಟು ಕೊಟ್ಟು ಮೇಲೆರಡು ಎಸಳು ಇಡದಿದ್ದರೆ ಅವಳು ಕೊಟ್ಟದ್ದೇ ಅಲ್ಲ. ಕೊಸರಿಲ್ಲದ ಅಳತೆ ನಮ್ಮ ಕಣ್ಣಿಗೆ ಜಿಪುಣತನ. ಅತ್ತಿಗೆಯ ಒಣಗಿದ ಮೂಲೆ ಕಣ್ಮುಂದೆ ಬಂತು. ಆ ಹಾಳು ಬೂಷ್ಟು ಪೂರ್ತಿ ಸಾಯಲಿ, ಇನ್ನೊಂದೈದು ನಿಮಿಷ ಇರಲಿ ಎಂದುಕೊಂಡೆ. ಉಪಕಾರ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ.

ಸಾತೊ ಬಂದವರು ಗಡಿಯಾರ ನೋಡಿದರು, ತೊಟ್ಟಿ ನೋಡಿದರು. ಎರಡೇ ಹೆಜ್ಜೆಗೆ ಬಂದು ಚೀಲ ಎತ್ತಿ ತಣ್ಣೀರಿಗೆ ಹಾಕಿದರು. ಒಂದು ಕೆಂಪು ದಾರ ತಂದು ಆ ಚೀಲದ ಬಾಯಿಗೆ ಕಟ್ಟಿ ಬೇರೆ ಇಟ್ಟರು. ಬೈದಿದ್ದರೆ ಮೇಲಿತ್ತು.

ಮೂರನೇ ಭಾನುವಾರ

ಒಲೆಯ ಪಕ್ಕ ಎರಡು ತಟ್ಟೆ ಇದ್ದವು. ಒದ್ದೆ ಬಟ್ಟೆಯ ಮೇಲೆ ತಟ್ಟೆಗೆ ನೂರರಂತೆ ಭತ್ತದ ಕಾಳು. ಎಣಿಸಿ ಎಂದು ಸಾತೊ ನನಗೇ ಹೇಳಿದರು. ಸರಿಯಾಗಿ ಹತ್ತು ನಿಮಿಷ ಮಿಂದ ಊಟದ ಭತ್ತದಲ್ಲಿ ತೊಂಬತ್ತಾರು ಮೊಳಕೆ. ನನ್ನ ಕೆಂಪು ದಾರದ ಅಂಟಕ್ಕಿಯಲ್ಲಿ ಮೂವತ್ತೊಂದು. ಎಲ್ಲೋ ತಪ್ಪಿರಬೇಕೆಂದು ಮತ್ತೆ ಎಣಿಸಿದೆ. ಎರಡನೇ ಸಲವೂ ಮೂವತ್ತೊಂದೇ. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅವರ ಹಬ್ಬದ ಕಡುಬಿಗೆ ಅತ್ತೆನೋ, ಮಾಕಳಿಯಲ್ಲಿ ಹೀಗೇ ಮಾಡಿ ಅತ್ತಿಗೆಯ ಕಡೆಯ ಬೀಜವನ್ನೂ ಕೊಂದುಬಿಡುತ್ತಿದ್ದೆನಲ್ಲ ಎಂದು ಅತ್ತೆನೋ, ಎರಡೂ ಇತ್ತು.

"ಅಪ್ಪ ಹೇಳ್ತಿದ್ದಾರೆ" ಎಂದಳು ಯೋಕೊ, ನನ್ನ ಪಕ್ಕದಲ್ಲೇ ಕೂತು. "ಅಂಟಕ್ಕಿ ಬೀಜ ಸೂಕ್ಷ್ಮ, ಬೇಗ ಬೆಂದುಹೋಗುತ್ತೆ. ಒಬ್ಬರನ್ನೇ ಬಿಟ್ಟು ಹೋದದ್ದು ತನ್ನ ತಪ್ಪು ಅಂತ. ಪಕ್ಕದ ಮನೆಯವರ ಹತ್ರ ಇದೇ ಬೀಜ ಇದೆ. ಅವರದ್ದು ಕೆಟ್ಟರೆ ನಾವು, ನಮ್ಮದು ಕೆಟ್ಟರೆ ಅವರು, ಹಾಗೆ ಇಟ್ಕೊಂಡಿರ್ತಾರೆ."

ಮೂಗೊರೆಸಿಕೊಂಡು ಕೊಸರು ಎಂದರೆ ಏನೆಂದು ಅವರಿಗೆ ವಿವರಿಸಿದೆ. ಮುದುಕರು ಪೂರ್ತಿ ಕೇಳಿ, ತಲೆಯಾಡಿಸಿ, ಹಿತ್ತಲಿಗೆ ಹೋದರು. ಹೊರಡುವಾಗ ನನಗೆ ಮೂರು ಮೂಲಂಗಿ ಕೊಡುವುದೆಂದು ಕಟ್ಟಿಟ್ಟಿದ್ದರು. ಆ ಕಟ್ಟಿನ ಮೇಲೆ ಮಣ್ಣು ಮೆತ್ತಿದ ನಾಲ್ಕನೆಯದನ್ನು ತಂದು ಇಟ್ಟರು. ಅವರಲ್ಲೂ ಈ ಪದ್ಧತಿ ಇದೆಯಂತೆ. "ಮೂಲಂಗಿಗೆ ಇದೆ, ಗಡಿಯಾರಕ್ಕೆ ಇಲ್ಲ" ಎಂದರು.

ಮತ್ತೆ ಮಾಕಳಿ

ಜುಲೈಯಲ್ಲಿ ಕೆರೆಗೆ ಅಷ್ಟಿಷ್ಟು ನೀರು ಬಂದಿತ್ತು. ಅತ್ತಿಗೆಯ ಅಂಗಳದಲ್ಲಿ ಬಚ್ಚಲ ಹಂಡೆ ಒಲೆಯೇರಿತು, ಪಕ್ಕದಲ್ಲಿ ತಣ್ಣೀರಿನ ಡ್ರಮ್ಮು. ಬಲೆಚೀಲಕ್ಕೆ ಯಶವಂತಪುರ ಮಂಡಿಯ ಈರುಳ್ಳಿ ಚೀಲ. ತಾಪಮಾಪಕ ಮಾತ್ರ ನನ್ನದು, ಎರಡು ಸಲ ಪರೀಕ್ಷಿಸಿ ತಂದದ್ದು. ನೇರವಾಗಿ ಬಿತ್ತನೆಗೆ ಕೈ ಹಾಕಲಿಲ್ಲ. ಒಂದು ಹಿಡಿಯನ್ನು ಮೊದಲು ಮೀಯಿಸಿ, ನೂರು ಕಾಳನ್ನು ಒದ್ದೆ ಬಟ್ಟೆಯ ಮೇಲಿಟ್ಟು, ಮೊಳಕೆ ಎಣಿಸುವವರೆಗೂ ಅತ್ತಿಗೆ ಕಾಯುವಂತೆ ಮಾಡಿದೆ. ಅಣ್ಣ ಕೆಲಸಕ್ಕೆ ಹೋಗುವ ಮುಂಚೆ ಬಂದು ಬಗ್ಗಿ ನೋಡಿ ಹೋಗುತ್ತಿದ್ದ. ತೊಂಬತ್ತೆರಡು ಮೊಳೆತವು.

ಆಮೇಲೆ ಉಳಿದದ್ದನ್ನೆಲ್ಲ ಸ್ವಲ್ಪ ಸ್ವಲ್ಪವಾಗಿ ಹಂಡೆಗಿಳಿಸಿದೆವು. ಒಟ್ಟಿಗೆ ಸುರಿದರೆ ನೀರು ಆರುತ್ತದೆ. ನಾನು ತಾಪ ನೋಡುತ್ತ ಸೌದೆ ಎಳೆ, ಸೌದೆ ನೂಕು ಎನ್ನುವುದು, ಅತ್ತಿಗೆ ಎಳೆಯುವುದು, ನೂಕುವುದು.

"ಏನಮ್ಮಿ, ಇದೇನು ಒಟ್ಲಿಗಾ, ಅನ್ನಕ್ಕಾ?" ಎಂದು ಅವರು ಗೊಣಗಿದರು. ಮೊದಲ ಚೀಲಕ್ಕೆ ಹತ್ತು ನಿಮಿಷವಾಗಿ ನಾನು ಎತ್ತಲು ಹೋದಾಗ ನನ್ನ ಕೈ ಹಿಡಿದರು. "ಇನ್ನೊಂದೆರಡು ನಿಮ್ಸ ಇರ್ಲಿ ಬುಡು. ಕೊಸ್ರು."

ಕೈ ಬಿಡಿಸಿಕೊಂಡು ಎತ್ತಿ ತಣ್ಣೀರಿಗೆ ಹಾಕಿದೆ. "ಬೇಡ ಅತ್ಗೆ. ಆ ಕೊಸರು ಹಾಕಿ ಒಂದ್ ಮನೆಯವ್ರ ಹಬ್ಬಾನೇ ಕೆಡ್ಸಿ ಬಂದಿದ್ದೀನಿ" ಎಂದೆ. ಕೆಂಪು ದಾರದ ಕತೆ ಹೇಳಿದೆ. ಎರಡನೇ ಚೀಲಕ್ಕೆ ಗಂಟೆ ಬಾರಿಸಿದಾಗ ನನಗಿಂತ ಮುಂಚೆ ಅವರ ಕೈ ಹಂಡೆಯ ಮೇಲಿತ್ತು. ಕೆಲಸ ಮುಗಿದು ನೀರು ಆರಿದ ಮೇಲೆ ಅದನ್ನು ನಿರಾಳವಾಗಿ ಕರಿಬೇವಿನ ಬುಡಕ್ಕೆ ಸುರಿದರು.

ಒಟ್ಲು ಹಾಕಿ ಮೂರು ವಾರ ಕಳೆದಿರಬೇಕು. ಅತ್ತಿಗೆ ಫೋನ್ ಮಾಡಿ ಬರಹೇಳಿದರು, ಕಾರಣ ಹೇಳಲಿಲ್ಲ. ಹೆದರಿಕೊಂಡೇ ಹೋದೆ. ಮಡಿ ಕೊಯ್ದಿಟ್ಟಂತೆ ಒಂದೇ ಸಮ ಇತ್ತು. ಮೇಲೆ ಅಂಗೈ ಆಡಿಸಿದರೆ ಎಲ್ಲೂ ತಡೆಯುತ್ತಿರಲಿಲ್ಲ. ಹುಡುಕಿದರೆ ಎತ್ತರದವು ಮೂರೇ ಮೂರು ಸಿಕ್ಕಿದ್ದವು. ಅವಕ್ಕೂ ಅತ್ತಿಗೆ ಮಡಕೆ ನಿಲ್ಲಿಸಿರಲಿಲ್ಲ, ಬೇರು ಸಮೇತ ಕಿತ್ತು ಒಲೆಗೆ ಹಾಕಿದ್ದರು. ಬದುವಿನ ಮೇಲೆ ನಿಂತಿದ್ದ ಅಣ್ಣ ಯಾರನ್ನೂ ನೋಡದೆ ಹೇಳಿದ: "ಲಾರಿಯವ್ನು ಫೋನ್ ಮಾಡಿದ್ದ. ಜಾಗ ಖಾಲಿಯಿಲ್ಲ, ಬೆಳೆ ಐತೆ ಅಂದೆ."

ನಾಟಿ ಮುಗಿದ ಮಧ್ಯಾಹ್ನ ಕೆಳಗಿನ ಗದ್ದೆಯ ಚಿಕ್ಕಣ್ಣ ಬಂದ. ಹಿಂದಿನ ವರ್ಷ ಅತ್ತಿಗೆ ಪೈರು ಕೇಳಿ ನಿಂತದ್ದು ಇವನ ಒಟ್ಲ ಮುಂದೆಯೇ. ಈ ಸಲ ಅವನದ್ದೇ ಎದ್ದು ನಿಂತು ಒಣಗುತ್ತಿತ್ತು. ಟವೆಲ್ ಹಿಂಡುತ್ತ, "ಅಕ್ಕ, ಉಳಿದಿದ್ರೆ ಒಂದತ್ತು ಕಟ್ಟು..." ಎಂದ.

ಅತ್ತಿಗೆ ಸೀರೆ ಎತ್ತಿಕಟ್ಟಿ, ಪೈರು ಉಳಿದಿದ್ದ ಒಟ್ಲಿನ ಕೆಸರಿಗಿಳಿದರು. ಒಂದೊಂದೇ ಕಟ್ಟು ತೆಗೆದು ಬದುವಿನ ಮೇಲಿಡುತ್ತ ಹತ್ತು ಎಣಿಸಿದರು. ಚಿಕ್ಕಣ್ಣ ಬಗ್ಗಿ ಎತ್ತಿಕೊಳ್ಳಲು ಹೋದ. "ತಡಿ" ಎಂದರು. ಮಡಿಯ ನಡುವಿನಿಂದ ಒಳ್ಳೆಯದೊಂದು ಕಟ್ಟನ್ನು ಆರಿಸಿ, ಬೇರಿನ ಕೆಸರು ಜಾಡಿಸಿ, ಹತ್ತರ ಮೇಲಿಟ್ಟರು.

"ಇದು ಕೊಸ್ರು" ಎಂದು ನನ್ನ ಕಡೆ ನೋಡಿದರು. "ಇದುಕ್ಕೆ ಆಕ್ಬೌದು ತಾನೆ?"